ಮುಳುಗುವ ದಾರ

ಕೆರೆಯ ಏರಿಯ ಮೇಲೆ ಗಾಳ ಹಾಕಿ ಕೂತವನನ್ನು ಕಂಡಾಗ ನಮ್ಮ ಕಣ್ಣು ಮೊದಲು ಹೋಗುವುದು ಅವನ ಕೈಯ ಕೋಲಿನ ಕಡೆಗೆ. ಆಮೇಲೆ ನೀರಿನ ಮೇಲೆ ಕುಣಿಯುವ ಬೆಂಡಿನ ಕಡೆಗೆ. ಕೊಕ್ಕೆ ನೀರಿನೊಳಗಿದ್ದು ಕಾಣುವುದಿಲ್ಲ. ಕಾಣದಿದ್ದರೂ ಅದು ಇದೆಯೆಂಬುದನ್ನು ಎಲ್ಲರೂ ಬಲ್ಲರು. ಇವೆರಡರ ನಡುವೆ ಇರುವ ದಾರವನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಹಳೆಯ ಕಾವ್ಯಗಳಲ್ಲಿಯೂ ಹೆಚ್ಚುಕಡಿಮೆ ಇದೇ ಸ್ಥಿತಿ. ಆಸೆಗೆ ಸಿಕ್ಕಿ ಕೆಡುವ ಜೀವಕ್ಕೆ ಗಾಳ ನುಂಗಿದ ಮೀನು ಬಹು ಪುರಾತನವಾದ ಉಪಮಾನ. ಅದರಲ್ಲಿ ಮೀನುಂಟು, ಎರೆಯುಂಟು, ಗಾಳವುಂಟು. ದಾರಕ್ಕೊಂದು ಉಪಮೇಯವನ್ನು ಹುಡುಕುವ ಗೋಜಿಗೆ ಕವಿಗಳು ಅಷ್ಟಾಗಿ ಹೋದಂತಿಲ್ಲ.

ಆದರೆ ಈ ದಾರಕ್ಕೂ ಒಂದು ಚರಿತ್ರೆಯಿದೆ. ಕುದುರೆಯ ಬಾಲದಲ್ಲಿ ಹುಟ್ಟಿ, ರೇಷ್ಮೆಹುಳುವಿನ ಹೊಟ್ಟೆಯನ್ನು ಹೊಕ್ಕು ಹೊರಬಂದು, ರಸಾಯನಶಾಲೆಯಲ್ಲಿ ಬೆಳೆದ ಚರಿತ್ರೆ ಅದು. ಅದರಲ್ಲಿ ಮಡಿ ಮೈಲಿಗೆಯ ಜಗಳವೂ ಒಂದು ಬರುತ್ತದೆ. ಮೀನು ತಿನ್ನದ ಓದುಗರೂ ಸಂಕೋಚವಿಲ್ಲದೆ ಓದಬಹುದು. ಈ ಲೇಖನದಲ್ಲಿ ಮೀನಿಗಿಂತ ದಾರವೇ ಹೆಚ್ಚು.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ನಮ್ಮ ಕಡೆ ಗಾಳವನ್ನು ತಳಕ್ಕೆ ಇಳಿಸುವುದು ಒಂದು ಸಮಸ್ಯೆಯೇ ಅಲ್ಲ. ಕಾವೇರಿಯಲ್ಲಿ ಮಹಸೀರ್ ಮೀನಿಗಾಗಿ ರಾಗಿಹಿಟ್ಟಿನ ಉಂಡೆಯನ್ನು ಎರೆಯಾಗಿಟ್ಟು, ದಾರಕ್ಕೆ ಒಂದಿಷ್ಟು ಸೀಸವನ್ನು ಸೇರಿಸಿ ಎಸೆದರೆ ಮಡುವಿನ ತಳಕ್ಕೆ ಅದು ತಾನಾಗಿ ಹೋಗುತ್ತದೆ. ಭಾರ ಕೊಕ್ಕೆಯ ಕಡೆ ಇದೆ. ದಾರ ಅದರ ಹಿಂದೆ ಹೋಗುವ ಆಳು. ಇಂಗ್ಲಿಷರು ‘ಫ್ಲೈ ಫಿಷಿಂಗ್’ ಎಂದು ಕರೆಯುವ ಆಟದಲ್ಲಿ ಈ ಸಂಬಂಧ ತಲೆಕೆಳಗಾಗುತ್ತದೆ. ನೊಣಗಾಳ ಎಂದು ಅದನ್ನು ಕರೆಯೋಣ. ಇಲ್ಲಿ ಎರೆ ಎಂಬುದು ಹಕ್ಕಿಯ ಗರಿಯನ್ನೂ ಉಣ್ಣೆಯನ್ನೂ ಸಣ್ಣ ಕೊಕ್ಕೆಗೆ ಸುತ್ತಿ ಮಾಡಿದ ಒಂದು ಹುಸಿನೊಣ. ಅದಕ್ಕೆ ತೂಕವೇ ಇಲ್ಲ. ಅದನ್ನು ಎಸೆಯಲು ಹೋದರೆ ಬೂರುಗದ ಅರಳೆಯನ್ನು ಎಸೆದ ಹಾಗೆ ಎರಡು ಮಾರು ದೂರದಲ್ಲಿ ಬೀಳುತ್ತದೆ. ಆದ್ದರಿಂದ ಎಸೆಯುವುದು ನೊಣವನ್ನಲ್ಲ, ದಾರವನ್ನು. ಬಾರುಕೋಲು ಬೀಸಿದಾಗ ಕೈಯ ಬಲ ಬಾರಿನ ಉದ್ದಕ್ಕೂ ಹರಿದು ತುದಿಗೆ ಮುಟ್ಟುವಂತೆ, ತೂಕವುಳ್ಳ ದಾರ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತಾ ಹೋಗಿ ಕೊನೆಯಲ್ಲಿ ನೊಣವನ್ನು ನೀರಿನ ಮೇಲೆ ಇಡುತ್ತದೆ. ನೊಣಕ್ಕೆ ಸೀಸ ಕಟ್ಟಿದರೆ ಈ ಬೀಸು ಕೆಡುತ್ತದೆ. ಎಸೆಯುವವನ ಬೆನ್ನಿಗೋ ಬುರುಡೆಗೋ ಬಂದು ಬಡಿಯುವುದೂ ಉಂಟು. ಹಾಗಾದರೆ ಮೀನು ಆಳದಲ್ಲಿದ್ದಾಗ ಏನು ಮಾಡಬೇಕು? ದಾರವೇ ಮುಳುಗಬೇಕು. ಗಾಳಿಯಲ್ಲಿ ಹಾರಬೇಕಾದದ್ದು, ನೀರಿನಲ್ಲಿ ಇಳಿಯಬೇಕು. ಇದನ್ನು ಸಾಧಿಸುವುದಕ್ಕೆ ಬಹಳ ಕಾಲ ಹಿಡಿಯಿತು.

ಗಾಳದ ವಿಚಾರವಾಗಿ ಬರೆದವರಲ್ಲಿ ನಮ್ಮ ನಾಡಿನ ದೊರೆಯೊಬ್ಬನು ಬಹಳ ಹಿಂದೆಯೇ ಇದ್ದಾನೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಮತ್ಸ್ಯವಿನೋದಕ್ಕೂ ಒಂದು ಅಧ್ಯಾಯವಿದೆ. ಕಡಲಿನ ಮೀನು ಯಾವುವು, ಹೊಳೆಯವು ಯಾವುವು, ಯಾವುದಕ್ಕೆ ಯಾವ ತಿನಿಸು ಹಾಕಿ ಸಾಕಿ ಗಾಳಕ್ಕೆ ಒಲಿಸಬೇಕು ಎಂಬುದನ್ನೆಲ್ಲ ಆತ ವಿವರಿಸುತ್ತಾನೆ. ಆದರೆ ಅವನದು ನಿಜವಾದ ಎರೆಯ ಗಾಳ, ಹುಸಿನೊಣದ್ದಲ್ಲ. ಹುಸಿನೊಣದ ಹಳೆಯ ಉಲ್ಲೇಖ ದೊರೆಯುವುದು ಕ್ರಿ. ಶ. ೨೦೦ರ ಸುಮಾರಿನಲ್ಲಿ, ರೋಮಿನ ಏಲಿಯನ್ ಎಂಬುವನು ಪ್ರಾಣಿಗಳ ಸ್ವಭಾವವನ್ನು ಕುರಿತು ಗ್ರೀಕಿನಲ್ಲಿ ಬರೆದ ಗ್ರಂಥದಲ್ಲಿ. ಮ್ಯಾಸಿಡೋನಿಯದ ಜನ ಕೆಂಪು ಉಣ್ಣೆಯನ್ನು ಕೊಕ್ಕೆಗೆ ಸುತ್ತಿ, ಹುಂಜದ ಕೊರಳ ಗರಿ ಎರಡನ್ನು ಅದಕ್ಕೆ ಕಟ್ಟಿ ಹೊಳೆಯಲ್ಲಿ ಮೀನು ಹಿಡಿಯುತ್ತಾರೆ ಎಂದು ಅವನು ಹೇಳುತ್ತಾನೆ. ಅವರ ಕೋಲು ಆರು ಅಡಿ, ದಾರವೂ ಆರೇ ಅಡಿ. ಅಷ್ಟು ಗಿಡ್ಡ ದಾರಕ್ಕೆ ಮುಳುಗುವ ತೇಲುವ ಪ್ರಶ್ನೆಯೇ ಏಳುವುದಿಲ್ಲ. ಅದರ ಬಹುಭಾಗ ನೀರನ್ನು ಮುಟ್ಟುವುದೂ ಇಲ್ಲ.

ದಾರದ ಬಗ್ಗೆ ಮೊದಲು ಕೂಲಂಕಷವಾಗಿ ಬರೆದದ್ದು ಇಂಗ್ಲೆಂಡಿನಲ್ಲಿ, ೧೪೯೬ರಲ್ಲಿ ಅಚ್ಚಾದ ಒಂದು ಚಿಕ್ಕ ಪ್ರಬಂಧ. ಕ್ಯಾಕ್ಸ್ಟನ್ನನ ಉತ್ತರಾಧಿಕಾರಿ ವಿಂಕಿನ್ ಡಿ ವರ್ಡನು ವೆಸ್ಟ್‌ಮಿನ್‌ಸ್ಟರಿನಲ್ಲಿ ಅದನ್ನು ಮುದ್ರಿಸಿದನು. ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಬರೆದದ್ದೆಂದು ಪ್ರತೀತಿ, ಪಂಡಿತರು ಒಪ್ಪುವುದಿಲ್ಲ. ಯಾರೇ ಬರೆದಿರಲಿ, ಬರೆದವರಿಗೆ ಕೈಕೆಲಸ ಗೊತ್ತಿತ್ತು. ದಾರವನ್ನು ಬಿಳಿಕುದುರೆಯ ಬಾಲದ ಕೂದಲಿನಿಂದ ಹೊಸೆಯಬೇಕು. ಅತಿ ಸಣ್ಣ ಮೀನಿಗೆ ಒಂದು ಕೂದಲು ಸಾಕು. ಸಾಧಾರಣ ಟ್ರೌಟ್ ಮೀನಿಗೆ ಒಂಬತ್ತು, ದೊಡ್ಡ ಟ್ರೌಟಿಗೆ ಹನ್ನೆರಡು, ಸಾಲ್ಮನ್ನಿಗೆ ಹದಿನೈದು. ನೀರಿನ ಬಣ್ಣಕ್ಕೆ ತಕ್ಕಂತೆ ಕೂದಲಿಗೆ ಹಸಿರು, ಹಳದಿ, ಕಂದು ಬಣ್ಣ ಹಾಕುವ ವಿಧಾನಗಳೂ ಅದರಲ್ಲಿವೆ. ಐನೂರು ವರ್ಷಗಳ ಹಿಂದಿನ ಈ ಪಟ್ಟಿಯನ್ನು ನೋಡಿದಾಗ ಒಂದು ಸಂಗತಿ ತೋರುತ್ತದೆ. ಆಗ ದಾರವನ್ನು ಆರಿಸುತ್ತಿದ್ದದ್ದು ಅದು ಎಷ್ಟು ಎಳೆತವನ್ನು ತಾಳೀತು, ಮೀನಿನ ಕಣ್ಣಿಗೆ ಎಷ್ಟು ಕಂಡೀತು ಎಂಬ ಎರಡೇ ಲೆಕ್ಕದಿಂದ. ಎಷ್ಟು ಆಳಕ್ಕೆ ಇಳಿದೀತು ಎಂಬ ಪ್ರಶ್ನೆ ಇನ್ನೂ ಹುಟ್ಟಿರಲಿಲ್ಲ. ಐಸಾಕ್ ವಾಲ್ಟನ್ನನು ೧೬೫೩ರಲ್ಲಿ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದಾಗಲೂ ದಾರ ಕುದುರೆಕೂದಲಿನದೇ.

ಮುಂದೆ ಕೂದಲಿನ ಜೊತೆಗೆ ರೇಷ್ಮೆ ಬೆರೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೂದಲು ಹಿಂದೆ ಸರಿದು, ಹೆಣೆದ ರೇಷ್ಮೆಗೆ ಅಗಸೆ ಎಣ್ಣೆಯನ್ನು ಕುಡಿಸಿ ಮಾಡಿದ ನುಣುಪಾದ ದಾರ ಬಂದಿತು. ರೇಷ್ಮೆ ಎಂದ ಕೂಡಲೇ ಸೀರೆಯನ್ನು ನೆನೆಯುವ ನಮಗೆ ಇದು ವಿಚಿತ್ರವಾಗಿ ಕಂಡೀತು. ಅದಕ್ಕಿಂತ ವಿಚಿತ್ರವಾದದ್ದು ದಾರದ ತುದಿಗೂ ನೊಣಕ್ಕೂ ನಡುವೆ ಕಟ್ಟುತ್ತಿದ್ದ ಪಾರದರ್ಶಕವಾದ ಎಳೆ. ಸ್ಪೇನಿನ ಮುರ್ಸಿಯದಲ್ಲಿ ಗೂಡು ಕಟ್ಟಲು ಸಿದ್ಧವಾದ ರೇಷ್ಮೆಹುಳುವನ್ನು ವಿನಿಗರಿನಲ್ಲಿ ನೆನೆಹಾಕಿ, ಅದರ ಹೊಟ್ಟೆಯೊಳಗಿನ ರೇಷ್ಮೆಯ ಗ್ರಂಥಿಯನ್ನು ಹೊರತೆಗೆದು ಎಳೆದು ಒಣಗಿಸಿದರೆ ಒಂದು ಅಡಿಗೆ ತುಸು ಹೆಚ್ಚುಕಡಿಮೆಯಾದ ಗಟ್ಟಿ ಎಳೆಯಾಗುತ್ತಿತ್ತು. ಹುಳು ನೂಲುವುದಕ್ಕೂ ಬಿಡದೆ ನೂಲನ್ನು ಕಸಿದುಕೊಳ್ಳುವ ಉದ್ಯಮ! ರಾಮನಗರದ ಗೂಡಿನ ಮಾರುಕಟ್ಟೆಯನ್ನು ಕಂಡವರಿಗೆ ಇದನ್ನು ಹೇಳಿದರೆ ತಲೆದೂಗುವರೋ ತಲೆ ಚಚ್ಚಿಕೊಳ್ಳುವರೋ ತಿಳಿಯದು.

ಈ ರೇಷ್ಮೆಯ ಕಾಲದಲ್ಲಿಯೇ ನಮ್ಮ ಕರಾವಳಿಯೂ ಈ ಸಾಹಿತ್ಯಕ್ಕೆ ಒಂದು ಗ್ರಂಥವನ್ನು ಕೊಟ್ಟಿತು. ಮದರಾಸು ಸಿವಿಲ್ ಸರ್ವಿಸಿನ ಹೆನ್ರಿ ಸಲ್ಲಿವನ್ ಥಾಮಸನು ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದವನು. ಅವನ ‘ದಿ ರಾಡ್ ಇನ್ ಇಂಡಿಯಾ’ ೧೮೭೩ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಕಿಟ್ಟೆಲರ ನಿಘಂಟಿನ ಮೂಲಕ ಬಾಸೆಲ್ ಮಿಷನ್ನಿನ ಮುದ್ರಣವನ್ನು ಬಲ್ಲ ಕನ್ನಡಿಗರಿಗೆ, ಮಹಸೀರ್ ಮೀನಿನ ಬೇಟೆಯ ಪುಸ್ತಕವೂ ಅದೇ ಊರಿನಿಂದ ಹೊರಟಿತೆಂಬುದು ಸ್ವಾರಸ್ಯದ ವಿಷಯ.

ರೇಷ್ಮೆಯ ಗುಣವನ್ನು ಈಗ ನೋಡಬೇಕು. ಅದು ನೀರಿಗಿಂತ ಭಾರ. ಒಂದು ತೂಕದ ನೀರು ಹಿಡಿಯುವಷ್ಟು ಜಾಗದಲ್ಲಿ ರೇಷ್ಮೆ ಸುಮಾರು ಒಂದೂಕಾಲು ತೂಕಕ್ಕೂ ಮೀರಿರುತ್ತದೆ. ಹಾಗೆಯೇ ಬಿಟ್ಟರೆ ನೆನೆದು ನಿಧಾನವಾಗಿ ಮುಳುಗುತ್ತದೆ. ಕೊಬ್ಬನ್ನೋ ಜಿಡ್ಡನ್ನೋ ಸವರಿದರೆ ನೀರು ಒಳಸೇರದೆ ಮೇಲೆ ತೇಲುತ್ತದೆ. ಒಂದೇ ದಾರಕ್ಕೆ ಎರಡು ಬಾಳು. ಬೆಳಗ್ಗೆ ಜಿಡ್ಡು ಸವರಿ ತೇಲಿಸಬಹುದು. ಮಧ್ಯಾಹ್ನ ಒರೆಸಿ ಮುಳುಗಿಸಬಹುದು. ಸಂಜೆ ಮಾತ್ರ ಸುರುಳಿಯನ್ನು ಬಿಚ್ಚಿ ಗಾಳಿಗೆ ಒಣಹಾಕಲೇಬೇಕು. ಇಲ್ಲವಾದರೆ ಬೂಷ್ಟು ಹಿಡಿದು ಕೊಳೆಯುತ್ತದೆ.

ತೇಲಿಸುವುದೂ ಮುಳುಗಿಸುವುದೂ ಹೀಗೆ ಒಂದು ಒರೆಸುವ ಬಟ್ಟೆಯ ಅಂತರದಲ್ಲಿದ್ದಾಗ, ಇಂಗ್ಲೆಂಡಿನಲ್ಲಿ ಆ ಅಂತರವೇ ಧರ್ಮಾಧರ್ಮದ ಗೆರೆಯಾಯಿತು. ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಷೈರಿನಲ್ಲಿ ಸುಣ್ಣಗಲ್ಲಿನ ನೆಲದಿಂದ ಚಿಮ್ಮುವ ಟೆಸ್ಟ್, ಇಚೆನ್ ಎಂಬ ತಿಳಿನೀರಿನ ಹೊಳೆಗಳಿವೆ. ಅಲ್ಲಿ ಫ್ರೆಡರಿಕ್ ಹಾಲ್ಫರ್ಡನು ೧೮೮೬ರಲ್ಲಿ ತೇಲುವ ನೊಣಗಳನ್ನು ಕುರಿತು ಒಂದು ಗ್ರಂಥವನ್ನೂ ೧೮೮೯ರಲ್ಲಿ ಅವುಗಳಿಂದ ಮೀನು ಹಿಡಿಯುವ ಶಾಸ್ತ್ರವನ್ನು ಕುರಿತು ಇನ್ನೊಂದನ್ನೂ ಬರೆದನು. ಮೀನು ನೀರಿನ ಮೇಲೆ ಬಾಯಿ ತೆರೆದು ನೊಣ ಹಿಡಿಯುವುದನ್ನು ಕಣ್ಣಾರೆ ಕಂಡ ಮೇಲೆಯೇ, ಆ ನೊಣವನ್ನೇ ಹೋಲುವ ಒಣ ಹುಸಿನೊಣವನ್ನು, ಅದರ ಮುಂದೆ ತೇಲಿಬಿಡಬೇಕು. ನೊಣ ಮುಳುಗಕೂಡದು; ದಾರವೂ ಮುಳುಗಕೂಡದು. ಹಾಲ್ಫರ್ಡನಿಗೆ ಇದು ಒಳ್ಳೆಯ ವಿಧಾನವಾಗಿತ್ತು. ಅವನ ಶಿಷ್ಯರಿಗೆ ಇದೊಂದೇ ವಿಧಾನವಾಯಿತು. ಶಿಷ್ಯರು ಗುರುವನ್ನು ಮೀರಿ ಮಡಿವಂತರಾಗುವುದು ನಮಗೂ ಹೊಸದಲ್ಲವಷ್ಟೆ. ತೇಲಿಸುವವನು ಸಭ್ಯ, ಮುಳುಗಿಸುವವನು ಬೆಸ್ತ ಎಂಬ ಭಾವನೆ ಆ ಹೊಳೆಗಳ ದಂಡೆಯಲ್ಲಿ ಬೇರೂರಿತು. ಬೆಸ್ತನನ್ನು ಹೀಗಳೆಯುವ ಮಾತು ಮೀನು ಹಿಡಿಯುವವರ ಬಾಯಲ್ಲಿಯೇ ಬರುವುದು ವಿನೋದವಲ್ಲವೇ!

ಇದಕ್ಕೆ ಎದುರು ನಿಂತವನು ಲಂಡನ್ನಿನ ಒಬ್ಬ ವಕೀಲ, ಜಿ. ಇ. ಎಂ. ಸ್ಕ್ಯೂಸ್. ೧೮೫೮ರಲ್ಲಿ ಹುಟ್ಟಿದವನು, ವಿಂಚೆಸ್ಟರಿನ ಬಳಿ ಇಚೆನ್ ಹೊಳೆಯ ಅಬಟ್ಸ್ ಬಾರ್ಟನ್ ಎಂಬ ಭಾಗದಲ್ಲಿ ೧೮೮೩ರಿಂದ ಗಾಳ ಹಾಕುತ್ತಿದ್ದವನು. ಅವನ ವಾದ ವಕೀಲನ ವಾದವೇ: ಸಾಕ್ಷ್ಯ ಏನು ಹೇಳುತ್ತದೆ? ಮೀನು ತಿನ್ನುವುದರಲ್ಲಿ ಬಹುಪಾಲು ನೀರಿನೊಳಗೇ ನಡೆಯುತ್ತದೆ. ಹುಳು ರೆಕ್ಕೆ ಬಿಚ್ಚಿ ಮೇಲೇಳುವ ಮೊದಲು ನೀರಿನ ಅಡಿಯಲ್ಲಿ ಮರಿಯಾಗಿ ಬಾಳುತ್ತದೆ. ಮೀನಿಗೆ ಅದೇ ಹೆಚ್ಚಿನ ಆಹಾರ. ಮೀನು ಉಣ್ಣುವ ಕಡೆ ಎಲೆ ಹಾಕದೆ ನಮಗೆ ಶೋಭಿಸುವ ಕಡೆ ಹಾಕುವುದೇಕೆ? ೧೯೧೦ರಲ್ಲಿ ಪ್ರಕಟವಾದ ಅವನ ‘ಮೈನರ್ ಟ್ಯಾಕ್ಟಿಕ್ಸ್ ಆಫ್ ದಿ ಚಾಕ್ ಸ್ಟ್ರೀಮ್’ ಈ ಪ್ರಶ್ನೆಯನ್ನು ಬಹು ವಿನಯದಿಂದ ಕೇಳಿತು. ವಿನಯದಿಂದ ಕೇಳಿದ ಪ್ರಶ್ನೆಗಳಿಗೆ ಸಿಟ್ಟಿನ ಉತ್ತರ ಬರುವುದು ಹೆಚ್ಚು. ಜಗಳ ಮೂವತ್ತು ವರ್ಷಗಳ ಹತ್ತಿರ ನಡೆಯಿತು. ೧೯೩೮ರ ಫೆಬ್ರವರಿಯಲ್ಲಿ ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್ಬಿನಲ್ಲಿ ಇದೇ ವಿಷಯವಾಗಿ ಒಂದು ಚರ್ಚಾಸಭೆ ಸೇರಿತು. ಎಂಬತ್ತರ ಹೊಸ್ತಿಲಲ್ಲಿದ್ದ ಸ್ಕ್ಯೂಸನು ತನ್ನ ಪಕ್ಷವನ್ನು ತಾನೇ ಸಮರ್ಥಿಸಿಕೊಳ್ಳಬೇಕಾಯಿತು. ಜೊತೆಗಾರರ ಆಕ್ಷೇಪಣೆಯನ್ನು ಸಹಿಸಿ ಸಾಕಾಗಿ, ಐವತ್ತೈದು ವರ್ಷ ಗಾಳ ಹಾಕಿದ ಆ ಹೊಳೆಯನ್ನು ಆ ವರ್ಷವೇ ಬಿಟ್ಟುಹೋದನು. ಸ್ಕ್ಯೂಸನು ಮುಳುಗಿಸಬೇಕೆಂದು ಕೇಳಿದ್ದು ಕೆಲವೇ ಅಂಗುಲಗಳಷ್ಟು ಆಳಕ್ಕೆ, ಅದೂ ನೊಣವನ್ನು ಮಾತ್ರ ಎಂಬುದನ್ನು ನೆನೆದರೆ ಮಡಿಯ ಶಕ್ತಿ ಎಷ್ಟೆಂಬುದು ಗೊತ್ತಾಗುತ್ತದೆ. ೧೯೪೯ರಲ್ಲಿ ಅವನು ತೀರಿಕೊಂಡನು. ಇಂದು ಇಂಗ್ಲೆಂಡಿನಲ್ಲಿಯೂ ಹೊರಗೂ ಮುಳುಗುವ ಹುಸಿಮರಿಯಿಂದ ಮೀನು ಹಿಡಿಯುವವರೆಲ್ಲ ಅವನ ಹೆಸರನ್ನು ಗೌರವದಿಂದ ಎತ್ತುತ್ತಾರೆ.

ಸ್ಕ್ಯೂಸನು ಹೊಳೆ ಬಿಟ್ಟ ೧೯೩೮ರಲ್ಲಿಯೇ, ಅಕ್ಟೋಬರ್ ತಿಂಗಳಲ್ಲಿ, ಅಮೆರಿಕದ ಡ್ಯೂಪಾಂಟ್ ಕಂಪೆನಿ ನೈಲಾನ್ ಎಂಬ ಹೊಸ ನೂಲನ್ನು ಲೋಕಕ್ಕೆ ಪ್ರಕಟಿಸಿತು. ಮಹಾಯುದ್ಧ ಮುಗಿದ ಮೇಲೆ ಈ ನೂಲು ಗಾಳದ ದಾರಕ್ಕೆ ಬಂದಿತು. ಕೊಳೆಯುವುದಿಲ್ಲ, ಒಣಹಾಕಬೇಕಾಗಿಲ್ಲ. ರೇಷ್ಮೆಹುಳುವಿನ ಗ್ರಂಥಿಯ ವ್ಯಾಪಾರವೂ ಇದರಿಂದ ಇಳಿದುಹೋಯಿತು. ಆದರೆ ಹೊಸ ದಾರದ ಜೊತೆಗೆ ಒಂದು ಹೊಸ ಗೊಂದಲವೂ ಬಂದಿತು.

ರೇಷ್ಮೆಯ ಕಾಲದಲ್ಲಿ ದಾರವನ್ನು ಅಕ್ಷರಗಳಿಂದ ಗುರುತಿಸುತ್ತಿದ್ದರು. ಒಂದೊಂದು ಅಕ್ಷರ ಒಂದೊಂದು ದಪ್ಪ. ‘ಎಚ್ ಸಿ ಎಚ್’ ಎಂದರೆ ಎರಡು ತುದಿಗಳಲ್ಲಿ ತೆಳು, ನಡುವೆ ದಪ್ಪ. ರೇಷ್ಮೆಯೆಲ್ಲ ಹೆಚ್ಚುಕಡಿಮೆ ಒಂದೇ ಸಾಂದ್ರತೆಯಾದ್ದರಿಂದ ದಪ್ಪ ಗೊತ್ತಾದರೆ ತೂಕವೂ ಗೊತ್ತಾದಂತೆ. ತೂಕ ಗೊತ್ತಾದರೆ ಯಾವ ಕೋಲಿಗೆ ಹೊಂದುತ್ತದೆಂದು ಗೊತ್ತಾದಂತೆ. ನೈಲಾನ್ ರೇಷ್ಮೆಗಿಂತ ಹಗುರ. ಅಕ್ಷರ ಅದೇ, ದಪ್ಪ ಅದೇ, ತೂಕ ಮಾತ್ರ ಬೇರೆ. ಅಂಗಡಿಯಲ್ಲಿ ಹಳೆಯ ಅಕ್ಷರವನ್ನೇ ಕೇಳಿ ತಂದ ದಾರ ಕೋಲನ್ನು ಬಗ್ಗಿಸುತ್ತಿರಲಿಲ್ಲ. ಕೊನೆಗೆ ೧೯೬೦ರ ದಶಕದ ಆರಂಭದಲ್ಲಿ ಅಮೆರಿಕದ ಗಾಳಸಾಮಗ್ರಿ ತಯಾರಕರ ಸಂಘ ಅಕ್ಷರಗಳನ್ನು ಬಿಟ್ಟು ಅಂಕಿಗಳನ್ನು ಗೊತ್ತುಮಾಡಿತು. ದಾರದ ಮೊದಲ ಮೂವತ್ತು ಅಡಿಯನ್ನು ತೂಗಬೇಕು. ತೂಕಕ್ಕೆ ತಕ್ಕ ಅಂಕಿ. ತೂಗುವ ಮಾನ ಗ್ರೇನ್, ಅಂದರೆ ಧಾನ್ಯದ ಕಾಳು. ನಮ್ಮ ಅಕ್ಕಸಾಲಿಗರ ಗುಲಗಂಜಿಯ ಸೋದರನೆನ್ನಬಹುದು. ಹಳೆಯ ಸರ್ಕಾರಿ ತೊಲ ೧೮೦ ಗ್ರೇನ್ ಆಗಿದ್ದುದರಿಂದ ಲೆಕ್ಕವನ್ನು ನಮ್ಮ ಮನೆಯ ಹಿರಿಯರಿಗೂ ಹೇಳಬಹುದು. ಐದನೆಯ ನಂಬರಿನ ದಾರ ೧೪೦ ಗ್ರೇನ್, ಮುಕ್ಕಾಲು ತೊಲಕ್ಕೆ ತುಸು ಮೇಲೆ, ಏಳನೆಯದು ೧೮೫, ತೊಲಕ್ಕೆ ಐದು ಗ್ರೇನ್ ಹೆಚ್ಚು, ಎಂಟನೆಯದು ೨೧೦, ಹನ್ನೆರಡನೆಯದು ೩೮೦, ಎರಡು ತೊಲಕ್ಕೂ ಮಿಗಿಲು. ಗಾಳದವನು ಗಾಳಿಯಲ್ಲಿ ಬೀಸುವುದು ಒಂದು ಸಣ್ಣ ಬಂಗಾರದ ಸರದಷ್ಟು ತೂಕವನ್ನು ಎಂದಾಯಿತು.

ಈ ಅಂಕಿ ಹೇಳುವುದು ತೂಕವನ್ನೇ ಹೊರತು ಆಳವನ್ನಲ್ಲ. ದಾರವನ್ನು ಕೊಳ್ಳಲು ಹೋಗುವವರು ಮೊದಲು ಎಡವುವುದು ಇಲ್ಲಿಯೇ. ‘ಹೆಚ್ಚು ನಂಬರು, ಹೆಚ್ಚು ಆಳ’ ಎಂದು ತಿಳಿಯುವುದು ಸಹಜ, ಆದರೆ ತಪ್ಪು. ಎಂಟನೆಯ ನಂಬರಿನ ಒಂದು ದಾರ ತೇಲಬಹುದು, ಇನ್ನೊಂದು ಕಲ್ಲಿನ ಹಾಗೆ ಇಳಿಯಬಹುದು. ಎರಡೂ ೨೧೦ ಗ್ರೇನೇ. ತೇಲುವುದು ದಪ್ಪ, ಮುಳುಗುವುದು ತೆಳು. ಒಂದು ತೊಲ ಹತ್ತಿಗೂ ಒಂದು ತೊಲ ಬೆಳ್ಳಿಗೂ ಇರುವ ವ್ಯತ್ಯಾಸ ಇದು. ಅದಕ್ಕಾಗಿಯೇ ಡಬ್ಬಿಯ ಮೇಲೆ ಅಂಕಿಯ ಪಕ್ಕದಲ್ಲಿ ಇನ್ನೊಂದು ಅಕ್ಷರವನ್ನು ಇಡಬೇಕಾಯಿತು: ತೇಲುವುದಕ್ಕೆ ‘ಎಫ್’, ಮುಳುಗುವುದಕ್ಕೆ ‘ಎಸ್’.

ರೇಷ್ಮೆಯಲ್ಲಿ ಒಂದಾಗಿದ್ದ ಎರಡು ಬಾಳುಗಳು ಹೀಗೆ ಬೇರೆಯಾದದ್ದು ಪ್ಲಾಸ್ಟಿಕ್ಕಿನಿಂದ. ೧೯೫೦ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ಟ್‌ಲ್ಯಾಂಡ್ ಕಂಪೆನಿ, ಮಿಷಿಗನ್ನಿನ ಸೈಂಟಿಫಿಕ್ ಆಂಗ್ಲರ್ಸ್ ಕಂಪೆನಿ ಮೊದಲಾದವರು ಹೆಣೆದ ನೂಲಿನ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿದರು. ಹೊದಿಕೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಟೊಳ್ಳು ಗಾಜಿನ ಗುಳ್ಳೆಗಳನ್ನು ಬೆರೆಸಿದರೆ ದಾರ ತೇಲುತ್ತದೆ. ಲೋಹದ ಪುಡಿಯನ್ನು ಬೆರೆಸಿದರೆ ಮುಳುಗುತ್ತದೆ. ಎಷ್ಟು ಪುಡಿಯೋ ಅಷ್ಟು ವೇಗ. ಮುಳುಗುವುದು ಈಗ ದಾರದ ಅಕಸ್ಮಾತ್ ಗುಣವಾಗಿ ಉಳಿಯಲಿಲ್ಲ; ಅಳೆದು ಕೊಡಬಹುದಾದ ಸರಕಾಯಿತು. ಸೆಕೆಂಡಿಗೆ ಎಷ್ಟು ಅಂಗುಲ ಇಳಿಯುತ್ತದೆ ಎಂಬುದು ಅದರ ಅಳತೆ. ಮೂರನೆಯ ದರ್ಜೆಯದು ಸುಮಾರು ಮೂರು ಅಂಗುಲ, ಆರನೆಯದು ಸುಮಾರು ಆರು. ಇವೆರಡಕ್ಕೂ ಕೆಳಗೆ, ಮೇಲ್ಮೈಯಿಂದ ತುಸುವೇ ಕೆಳಗೆ ಮೆಲ್ಲಗೆ ಇಳಿಯುವ ‘ಇಂಟರ್‌ಮೀಡಿಯೆಟ್’ ಎಂಬುದೊಂದುಂಟು. ಪಿ.ಯು.ಸಿ.ಗೆ ಮೊದಲು ನಮ್ಮ ಕಾಲೇಜುಗಳಲ್ಲಿದ್ದ ಇಂಟರ್‌ಮೀಡಿಯೆಟ್ ತರಗತಿಯ ಹಾಗೆ, ಅತ್ತಲೂ ಅಲ್ಲ ಇತ್ತಲೂ ಅಲ್ಲ.

ಈ ದರ್ಜೆಗಳು ಕೈಗಾರಿಕೆಯವರ ಮೇಜಿನ ಮೇಲೆ ಹುಟ್ಟಿದವಲ್ಲ. ಅಮೆರಿಕದ ಪಶ್ಚಿಮ ಕರಾವಳಿಯ ನೀರು ಅವನ್ನು ಬೇಡಿತು. ಉತ್ತರ ಕ್ಯಾಲಿಫೋರ್ನಿಯದ ಈಲ್, ಸ್ಮಿತ್, ರಷ್ಯನ್ ಮೊದಲಾದ ನದಿಗಳಿಗೆ ಚಳಿಗಾಲದಲ್ಲಿ ಸಮುದ್ರದಿಂದ ಸ್ಟೀಲ್‌ಹೆಡ್ ಟ್ರೌಟ್ ಮೀನು ಏರಿಬರುತ್ತದೆ. ಅದಕ್ಕೆ ಮುಂಚೆ ಶರತ್ಕಾಲದಲ್ಲಿ ಚಿನೂಕ್ ಸಾಲ್ಮನ್. ಇವು ಹಸಿವಿನಿಂದ ಮೇಲೇಳುವ ಮೀನುಗಳಲ್ಲ. ಮೊಟ್ಟೆಯಿಡಲು ಹೊರಟು, ಎರಡಾಳು ಆಳದ ಮಡುಗಳ ತಳದಲ್ಲಿ ದಣಿವಾರಿಸಿಕೊಳ್ಳುತ್ತ ಮಲಗಿರುವಂಥವು. ಹಾಲ್ಫರ್ಡನ ಮಡಿ ಅಲ್ಲಿ ನಡೆಯುವಂತಿರಲಿಲ್ಲ. ಅಲ್ಲಿಯವರು ದೂರ ಎಸೆಯುವ ಪಂದ್ಯಗಳಿಂದ ಒಂದು ಉಪಾಯವನ್ನು ತಂದರು. ಮೂವತ್ತು ಅಡಿ ಭಾರವಾದ ದಾರ. ಅದರ ಹಿಂದೆ ಬಹು ತೆಳುವಾದ ಎಳೆ. ಮುಂದಿನ ಭಾರ ಹಾರಿದರೆ ಹಿಂದಿನ ಎಳೆ ಬಾಣದ ಹಿಂದಿನ ಗರಿಯಂತೆ ಸುಲಭವಾಗಿ ಹೋಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಉದ್ಯಾನದಲ್ಲಿ ಕೇವಲ ಎಸೆತದ ಅಭ್ಯಾಸಕ್ಕೆಂದೇ ೧೯೩೦ರ ದಶಕದ ಕೊನೆಯಲ್ಲಿ ಕಟ್ಟಿದ ಕೊಳಗಳಿವೆ. ನಂಬರಿನ ಪದ್ಧತಿಗಾಗಿ ದುಡಿದವರಲ್ಲಿ ಒಬ್ಬನಾದ ಮೈರನ್ ಗ್ರೆಗರಿಯೂ ಕ್ಯಾಲಿಫೋರ್ನಿಯದ ಎಸೆತಗಾರನೇ. ಪ್ಲಾಸ್ಟಿಕ್ಕಿನ ದಾರವೂ ಸಾಲದಾದಾಗ ಅಲ್ಲಿಯವರು ದೋಣಿಯ ಹಿಂದೆ ಎಳೆಯುವ ದಾರವನ್ನು, ಅಂದರೆ ಸೀಸದ ತಂತಿಯ ಮೇಲೆ ನೈಲಾನ್ ಹೆಣೆದದ್ದನ್ನು, ಮೂವತ್ತು ಅಡಿ ಕತ್ತರಿಸಿ ಕಟ್ಟಿಕೊಂಡರು. ಶಾಸ್ತ್ರಿಗಳು ಮೂಗು ಮುರಿದಿರಬಹುದು. ದಾರವ‌ಂತೂ ತಳ ಮುಟ್ಟಿತು.

ಇನ್ನು ಕೊಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ನೊಣಗಾಳದವರು ಬಯಸುವ ಮೀನು ಸ್ಟ್ರೈಪ್ಡ್ ಬ್ಯಾಸ್. ಮೈಯುದ್ದಕ್ಕೂ ಕಪ್ಪು ಗೆರೆಗಳಿರುವುದರಿಂದ ಪಟ್ಟೆಮೀನು ಎನ್ನೋಣ. ಅದು ಅಲ್ಲಿಯದಲ್ಲ. ಖಂಡದ ಇನ್ನೊಂದು ಅಂಚಿನ ನ್ಯೂಜರ್ಸಿಯ ನೇವ್‌ಸಿಂಕ್ ನದಿಯಿಂದ ೧೮೭೯ರಲ್ಲಿ ೧೩೨ ಮರಿಮೀನುಗಳನ್ನು ರೈಲಿನಲ್ಲಿ ತಂದು ಮಾರ್ಟಿನೆಜ್ ಊರಿನ ಬಳಿ ನೀರಿಗೆ ಬಿಟ್ಟರು. ಎರಡು ಸಾಗರಗಳನ್ನು ಕೂಡಿಸುವ ರೈಲುಹಾದಿ ಮುಗಿದು ಆಗ ಹತ್ತೇ ವರ್ಷ. ಇಷ್ಟು ಕಡಿಮೆ ಮೀನು ನೆಲೆಯೂರಲಾರವೆಂಬ ಭಯದಿಂದ ೧೮೮೨ರಲ್ಲಿ ಇನ್ನೂ ಸುಮಾರು ಮುನ್ನೂರನ್ನು ತಂದರು. ಭಯ ನಿರಾಧಾರವಾಗಿತ್ತು. ೧೮೮೯ಕ್ಕೆ ಪಟ್ಟೆಮೀನು ಸ್ಯಾನ್ ಫ್ರಾನ್ಸಿಸ್ಕೋದ ಮಾರುಕಟ್ಟೆಯಲ್ಲಿತ್ತು. ಮತ್ತೆ ಹತ್ತು ವರ್ಷಗಳಲ್ಲಿ ಬಲೆಗೆ ಬಿದ್ದದ್ದೇ ವರ್ಷಕ್ಕೆ ಹತ್ತು ಲಕ್ಷ ಪೌಂಡಿಗೂ ಹೆಚ್ಚು. ೧೯೩೫ರಲ್ಲಿ ವ್ಯಾಪಾರಕ್ಕಾಗಿ ಅದನ್ನು ಹಿಡಿಯುವುದನ್ನು ನಿಲ್ಲಿಸಲಾಯಿತು. ಗಾಳದವರಿಗೆ ಮಾತ್ರ ಅದು ಉಳಿಯಿತು. ನದಿಗಳ ನೀರನ್ನು ಹೊಲಗಳಿಗೂ ನಗರಗಳಿಗೂ ತಿರುಗಿಸಿದ ಮೇಲೆ ಅದರ ಸಂಖ್ಯೆಯೂ ಸಾಲ್ಮನ್ನಿನ ಸಂಖ್ಯೆಯೂ ಇಳಿದಿವೆ. ಸಾಲ್ಮನ್ ಬೇಟೆಯನ್ನಂತೂ ಕ್ಯಾಲಿಫೋರ್ನಿಯದಲ್ಲಿ ೨೦೨೩ ಮತ್ತು ೨೦೨೪ರಲ್ಲಿ ಮುಚ್ಚಿಬಿಡಬೇಕಾಯಿತು.

ನದಿಗೆ ಯಾವ ದಾರ, ಕೊಲ್ಲಿಗೆ ಯಾವುದು ಎಂಬ ಪ್ರಶ್ನೆಗೆ ಉತ್ತರ ಈ ಎರಡು ನೀರುಗಳ ನಡತೆಯಲ್ಲಿಯೇ ಇದೆ. ನದಿಯ ನೀರು ಒಂದೇ ನೀರಲ್ಲ. ದಡದ ಬಳಿ ಮೆಲ್ಲಗೆ, ನಡುವೆ ರಭಸವಾಗಿ, ಬಂಡೆಯ ಹಿಂದೆ ಸುಳಿಯಾಗಿ, ತಳದಲ್ಲಿ ಮತ್ತೆ ಮೆಲ್ಲಗೆ ಹರಿಯುತ್ತದೆ. ಇಡೀ ದಾರವನ್ನು ಮುಳುಗಿಸಿದರೆ ಒಂದೊಂದು ಸೆಳೆವು ಒಂದೊಂದು ಕಡೆಗೆ ಎಳೆದು ದಾರ ಬಿಲ್ಲಾಗುತ್ತದೆ. ಹುಸಿನೊಣ ಯಾವ ಜೀವಂತ ಹುಳುವೂ ಓಡದ ವೇಗದಲ್ಲಿ ಓಡುತ್ತದೆ. ಆದ್ದರಿಂದ ನದಿಗೆ ಸಾಮಾನ್ಯವಾಗಿ ಒಪ್ಪುವುದು ತುದಿಯ ಹತ್ತು ಹದಿನೈದು ಅಡಿ ಮಾತ್ರ ಮುಳುಗಿ, ಉಳಿದದ್ದು ತೇಲುವ ದಾರ. ತೇಲುವ ಭಾಗ ಕಣ್ಣಿಗೆ ಕಾಣುತ್ತದೆ. ಸೆಳೆವು ಅದನ್ನು ಕೆಳಗೆ ಎಳೆದಾಗ ಕೋಲಿನಿಂದ ಎತ್ತಿ ಹೊಳೆಯ ಮೇಲ್ಗಡೆಗೆ ತಿರುಗಿ ಹಾಕಬಹುದು. ಮುಳುಗಿದ ದಾರವನ್ನು ಹೀಗೆ ಎತ್ತಿ ಹಾಕುವುದು ಆಗದ ಮಾತು. ಆಳವಾದ, ಒಂದೇ ಸಮನೆ ಹರಿಯುವ ದೊಡ್ಡ ಮಡುವಾದರೆ ಮಾತ್ರ ಪೂರ್ತಿ ಮುಳುಗುವುದು ಸರಿ.

ಕೊಲ್ಲಿಯಲ್ಲಿ ಹೀಗಲ್ಲ. ಅಲ್ಲಿ ಉಬ್ಬರ ಇಳಿತಗಳ ಒಂದೇ ವಿಶಾಲವಾದ ಎಳೆತ. ಗಾಳಿ ಮೇಲ್ಮೈಯನ್ನು ಕಲಕುತ್ತಿರುತ್ತದೆ. ಸಮುದ್ರದ ಬಾಯಿಯಲ್ಲಿ ನೀರು ಮುನ್ನೂರು ಅಡಿಗೂ ಆಳ. ಒಳಗಿನ ಕೊಲ್ಲಿಯ ಬಹುಭಾಗ ಆಳವಿಲ್ಲದ್ದು. ಗಾಳದವನು ಕೆಲಸ ಮಾಡುವುದು ಹತ್ತಿಪ್ಪತ್ತು ಅಡಿಯೊಳಗೆ. ಹತ್ತು ಅಡಿಯೆಂದರೆ ೧೨೦ ಅಂಗುಲ. ಮೂರನೆಯ ದರ್ಜೆಯ ದಾರಕ್ಕೆ ನಲವತ್ತು ಸೆಕೆಂಡು ಬೇಕು, ಆರನೆಯದಕ್ಕೆ ಇಪ್ಪತ್ತು. ಇಳಿತದ ನೀರು ಸೆಕೆಂಡಿಗೆ ಒಂದೂವರೆ ಅಡಿ ಓಡುತ್ತಿದ್ದರೆ ಮೊದಲನೆಯದು ತಳ ಕಾಣುವಷ್ಟರಲ್ಲಿ ಅರುವತ್ತು ಅಡಿ ಕೊಚ್ಚಿಹೋಗಿರುತ್ತದೆ, ಎರಡನೆಯದು ಮೂವತ್ತು. ಅಷ್ಟೇ ಅಲ್ಲ, ದಾರದ ಇನ್ನೊಂದು ತುದಿ ಕೈಯಲ್ಲಿರುವುದರಿಂದ ಅದು ಬಿಗಿದ ಕೂಡಲೇ ಗಾಳಿಪಟದಂತೆ ಮತ್ತೆ ಮೇಲೇಳಲು ತೊಡಗುತ್ತದೆ. ಆದ್ದರಿಂದ ಆಳವಾದ ಕಾಲುವೆಗಳಿಗೆ ಬೇಗ ಮುಳುಗುವ ದಾರವನ್ನು ಹಿಡಿದು, ಸೆಳೆವು ಬರುವ ಕಡೆಗೆ ಎಸೆಯಬೇಕು. ಅದೇ ದಾರವನ್ನು ನಾಲ್ಕು ಅಡಿ ನೀರಿನ ಕೆಸರುಬಯಲಿಗೆ ತಂದರೆ ಕಳೆಯನ್ನು ಗುಡಿಸುತ್ತದೆ. ಅಲ್ಲಿಗೆ ಇಂಟರ್‌ಮೀಡಿಯೆಟ್ಟೇ ಸರಿ. ಎರಡನ್ನೂ ಕೊಳ್ಳಲು ಹಣವಿಲ್ಲದವನಿಗೆ, ಬಲ್ಲವರನ್ನು ಓದಿ ನನಗೆ ತೋರುವ ಮಟ್ಟಿಗೆ, ಮೂರನೆಯ ದರ್ಜೆಯದೇ ಕೊಲ್ಲಿಗೆ ಒಳ್ಳೆಯದು. ಆಳಕ್ಕೆ ತಾಳ್ಮೆಯಿಂದ ಇಳಿಸಬಹುದು. ಆಳವಿಲ್ಲದ ಕಡೆ ಬೇಗ ಎಳೆದುಕೊಳ್ಳಬಹುದು.

ಹಳೆಯ ಮುಳುಗುವ ದಾರಗಳಲ್ಲಿ ಒಂದು ದೋಷವಿತ್ತು. ಒಂದೇ ವಸ್ತುವಿನಿಂದಾದ ದಾರದಲ್ಲಿ ದಪ್ಪನೆಯ ಭಾಗ ಬೇಗ ಇಳಿಯುತ್ತದೆ, ತೆಳುವಾದ ತುದಿ ಹಿಂದುಳಿಯುತ್ತದೆ. ಮರಳಿಗಿಂತ ಬೆಣಚುಕಲ್ಲು ಮೊದಲು ತಳ ಸೇರುವ ಹಾಗೆ. ಹೊಟ್ಟೆ ಕೆಳಗೆ, ನೊಣ ಮೇಲೆ. ಮೀನು ಕಚ್ಚಿದರೆ ಆ ಜೋಲು ನೆಟ್ಟಗಾಗುವವರೆಗೆ ಕೈಗೆ ಸುದ್ದಿ ಮುಟ್ಟುತ್ತಿರಲಿಲ್ಲ. ತುದಿಯ ಹೊದಿಕೆಯಲ್ಲಿ ಲೋಹದ ಪುಡಿಯನ್ನು ಹೆಚ್ಚಿಸಿ ಇದನ್ನು ಸರಿಪಡಿಸಿದರು. ಆ ಪುಡಿಯೂ ಈಗ ಸೀಸದ್ದಲ್ಲ, ಟಂಗ್‌ಸ್ಟನ್ನಿನದು. ಸೀಸಕ್ಕಿಂತ ಅದು ಇನ್ನೂ ಭಾರ. ಸೀಸದ ವಿಷವನ್ನು ಜನ ಕಂಡದ್ದು ದಾರದಲ್ಲಲ್ಲ, ಇಂಗ್ಲೆಂಡಿನ ಹಂಸಗಳ ಹೊಟ್ಟೆಯಲ್ಲಿ. ಗಾಳದವರು ಕಳೆದುಕೊಂಡ ಸಣ್ಣ ಸೀಸದ ಗುಂಡುಗಳನ್ನು ಹರಳೆಂದು ನುಂಗಿ ಅವು ಸಾಯುತ್ತಿದ್ದುದರಿಂದ ಬ್ರಿಟನ್ನಿನಲ್ಲಿ ೧೯೮೭ರಲ್ಲಿ ಅಂಥ ಗುಂಡುಗಳ ಮಾರಾಟವನ್ನು ನಿಷೇಧಿಸಿದರು. ಗಾಳದ ಪೆಟ್ಟಿಗೆಯಿಂದ ಸೀಸ ಹೊರಬೀಳುವುದಕ್ಕೆ ಈ ಹಕ್ಕಿಗಳ ಸಾವು ದೊಡ್ಡ ಕಾರಣ.

ಇಷ್ಟೆಲ್ಲ ಆದ ಮೇಲೂ ಆಳವನ್ನು ತಿಳಿಯುವ ಉಪಕರಣ ಗಾಳದವನ ಬಾಯಿಯೇ. ದಾರ ನೀರಿಗೆ ಬಿದ್ದ ಕ್ಷಣದಿಂದ ಅವನು ಒಂದು, ಎರಡು, ಮೂರು ಎಂದು ಎಣಿಸುತ್ತಾನೆ. ಹತ್ತಕ್ಕೆ ಎಳೆದು ನೋಡುತ್ತಾನೆ, ಮುಂದಿನ ಸಲ ಹದಿನೈದಕ್ಕೆ, ಆಮೇಲೆ ಇಪ್ಪತ್ತಕ್ಕೆ. ಕೊಕ್ಕೆಗೆ ಕಳೆ ಸಿಕ್ಕಿ ಬಂದರೆ ತಳ ಮುಟ್ಟಿತೆಂದು ತಿಳಿದು ಎರಡು ಎಣಿಕೆ ಕಡಿಮೆ ಮಾಡುತ್ತಾನೆ. ಹದಿನೆಂಟಕ್ಕೆ ಒಂದು ಮೀನು ಕಚ್ಚಿತೆನ್ನಿ. ಪಟ್ಟೆಮೀನು ಗುಂಪುಗಟ್ಟಿ ತಿರುಗುವ ಜಾತಿಯಾದ್ದರಿಂದ, ಅದನ್ನು ಬಿಡಿಸಿದ ಕೂಡಲೇ ಮತ್ತೆ ಎಸೆದು, ಹದಿನೆಂಟನ್ನೇ ಎಣಿಸುತ್ತಾನೆ.